ಮೂವತ್ತೊಂದನೆಯ ಅರ್ಥ

ಸಂಜೆ ನಾಲ್ಕಕ್ಕೆ ಅಚ್ಚುಮನೆಯವನು ಬರುತ್ತಾನೆ ಎನ್ನುವುದೊಂದೇ ಬೆಳಿಗ್ಗೆ ಎದ್ದಾಗಿನಿಂದ ಅವನ ತಲೆಯೊಳಗೆ ಗುಂಯ್‌ಗುಡುತ್ತಿತ್ತು. ಐವತ್ತೆರಡು ವರ್ಷದವನು, ಇಪ್ಪತ್ತೈದು ವರ್ಷದಿಂದ ಇಂಗ್ಲಿಷ್-ಕನ್ನಡ ನಿಘಂಟಿನ ಕಚೇರಿಯಲ್ಲಿ ಕೂತು ಕೂತು ಸೊಂಟ ಹಿಡಿಸಿಕೊಂಡವನು, ಒಂದು ಕ್ರಿಯಾಪದ ಅಚ್ಚಿಗೆ ಹೋಗುತ್ತದೆಂದು ಷೂಸಿನ ದಾರ ಕಟ್ಟಲಾರದಷ್ಟು ಕೈ ನಡುಗಿಸಿಕೊಳ್ಳುವುದೆಂದರೆ ನಗೆಪಾಟಲು. ಕ್ರಿಯಾಪದವಾದರೂ ಎಂಥದು, ಇಂಗ್ಲಿಷ್ ಕಲಿಯುವ ಮಕ್ಕಳಿಗೂ ಗೊತ್ತಿರುವ ‘ಬೇರ್’. ಹೊರು ಎಂದು ಒಂದೇ ಮಾತಿನಲ್ಲಿ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅದು ಅವನ ಮೇಜಿಗೆ ಬಂದು ನಾಲ್ಕು ವರ್ಷವಾಗಿತ್ತು. ಹೊರು, ಹೆರು, ತಾಳು, ಫಲ ಕೊಡು, ಸಾಕ್ಷಿ ಹೇಳು, ಹಗೆ ಇಟ್ಟುಕೊ, ಎಡಕ್ಕೆ ತಿರುಗು ಎಂದು ಬಿಚ್ಚುತ್ತ ಬಿಚ್ಚುತ್ತ ಮೂವತ್ತು ಅರ್ಥ ದಾಟಿ, ಕಚೇರಿಯಲ್ಲಿ ಅವನಿಗೆ ‘ಹೊರೆಯಪ್ಪ’ ಎನ್ನುವ ಹೆಸರನ್ನೂ ಅಂಟಿಸಿತ್ತು. ಮುಂಬಾಗಿಲ ಪಕ್ಕದ ಕೋಣೆ ಅತ್ತಿಗೆಯದು. ಅದನ್ನು ದಾಟದೆ ಬೀದಿಗಿಳಿಯುವ ಹಾಗಿಲ್ಲ. ಒಂದು ದಾರವನ್ನು ಕಟ್ಟಿ, ಇನ್ನೊಂದನ್ನು ಹಾಗೇ ಷೂಸಿನೊಳಗೆ ತುರುಕಿ, ಸದ್ದಾಗದಂತೆ ಚಿಲಕಕ್ಕೆ ಕೈ ಹಾಕಿದ.

"ಇವತ್ತೇ ತಾನೇ ನಿನ್ನ ಬೇರ್ ಅಚ್ಚಿಗೆ ಹೋಗೋದು?" ಎಂದಳು ಅತ್ತಿಗೆ ಒಳಗಿನಿಂದ.

"ಹೌದು ಅತ್ತಿಗೆ. ನಾಲ್ಕು ಗಂಟೆಗೆ ಬರ್ತಾನೆ ಅವನು."

"ನಂದು ಒಂದಾದ್ರೂ ಇದೆಯಾ ಅದರಲ್ಲಿ?"

"ಒಂದೇನು, ಬೇಕಾದಷ್ಟಿವೆ."

"ಹಾಗಾದ್ರೆ ಬರುವಾಗ ಒಂದು ಪ್ರತಿ ತಗೊಂಡು ಬಾ. ಒಂದ್ಸಲ ಕಣ್ಣಲ್ಲಿ ನೋಡ್ಬೇಕು." ಕುರ್ಚಿಯ ಎರಡು ಕೈಗಳ ಮೇಲೆ ಹಲಗೆಯೊಂದನ್ನು ಅಡ್ಡ ಇಟ್ಟುಕೊಂಡು, ಹಲಗೆಯ ಮೇಲೆ ಒಂದು ಹಳೆಯ ಪುಸ್ತಕ, ಪಕ್ಕದಲ್ಲಿ ಅಂಗೈಯಗಲದ ಚೀಟಿಗಳು, ಅವಳು ಆಗಲೇ ಬರೆಯಲು ಶುರು ಮಾಡಿದ್ದಳು. ಕಾಲುಗಳ ಮೇಲೆ ಹೊದಿಕೆ. ಆ ಕಾಲುಗಳು ನಿಂತು ಐದು ವರ್ಷವಾಗಿತ್ತು. "ದಾರ ಕಟ್ಕೋ, ಬೀಳ್ತೀಯ" ಎಂದಳು, ತಲೆಯೆತ್ತದೆ.

ಬಸ್ಸಿನಲ್ಲಿ ನಿಂತುಕೊಂಡೇ ಹೋದ. ಬೇಕಾದಷ್ಟಿವೆ. ಆ ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತು ಎನ್ನುವುದೇ ಅವನನ್ನು ಚುಚ್ಚುತ್ತಿತ್ತು. ಸುಳ್ಳು ಹೇಳುವವನು ಕ್ಷಣವಾದರೂ ತಡವರಿಸಬೇಕು, ಉಗುಳು ನುಂಗಬೇಕು. ಅವನಿಗೆ ನಾಲ್ಕು ವರ್ಷದ ರೂಢಿ. ಪ್ರತಿ ಸೋಮವಾರ ಅವಳು ದಾರ ಸುತ್ತಿದ ಒಂದು ಕಟ್ಟು ಕೊಡುವುದು, ಐವತ್ತು ಚೀಟಿ, ಒಂದೊಂದರಲ್ಲೂ ಯಾವುದೋ ಹಳೆಯ ಇಂಗ್ಲಿಷ್ ಪುಸ್ತಕದಿಂದ ‘ಬೇರ್’ ಬಂದ ಒಂದು ವಾಕ್ಯ, ಕೆಳಗೆ ಅದರ ಕನ್ನಡ, ಪುಸ್ತಕದ ಹೆಸರು, ವರ್ಷ, ಪುಟ; ಇವನು ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು, ಹೋದ ವಾರದ್ದು ಬಹಳ ಉಪಯೋಗಕ್ಕೆ ಬಂತು ಅತ್ತಿಗೆ ಎನ್ನುವುದು. ಕಟ್ಟು ಅವನ ಮೇಜಿನ ಕೆಳಗಿನ ಮರದ ಪೆಟ್ಟಿಗೆಗೆ ಹೋಗುತ್ತಿತ್ತು. ಅಲ್ಲಿಂದ ಎಲ್ಲಿಗೂ ಹೋಗುತ್ತಿರಲಿಲ್ಲ. ಪೆಟ್ಟಿಗೆ ಒಂದರಿಂದ ಮೂರಾಗಿತ್ತು. ಮೊಳಕಾಲು ತಾಗುತ್ತಿದ್ದುದರಿಂದ ಅವನು ಓರೆಯಾಗಿ ಕೂತು ಬರೆಯುತ್ತಿದ್ದ. ಸೊಂಟ ಹಿಡಿದದ್ದಕ್ಕೆ ಅದೂ ಒಂದು ಕಾರಣ. ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ಹೆಗಲ ಮೇಲೆ ಮಗುವೊಂದು ನಿದ್ದೆಹೋಗಿತ್ತು. ಅದರ ತೆರೆದ ಬಾಯಿಂದ ಜೊಲ್ಲು ಅವಳ ಬೆನ್ನಿಗಿಳಿಯುತ್ತಿತ್ತು, ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಅವನಿಗೆ ಆರು ವರ್ಷವಾಗಿದ್ದಾಗ ತಾಯಿ ಸತ್ತದ್ದು. ಜ್ವರ ಬಂದಾಗ ಡಾಕ್ಟರ ಹತ್ತಿರ ಹೊತ್ತುಕೊಂಡು ಹೋದವಳು ಅತ್ತಿಗೆ. ಆಗ ಅವಳಿಗೇ ಇಪ್ಪತ್ತು ತುಂಬಿರಲಿಲ್ಲ. ದಾರಿಯಲ್ಲಿ ಯಾರೋ, ಇದೇನಮ್ಮ ಇಷ್ಟು ದೊಡ್ಡವನನ್ನು ಹೊತ್ತಿದ್ದೀಯ ಎಂದರೆ, ಹೆತ್ತವಳಲ್ಲವಲ್ಲ, ಹೊತ್ತಾದರೂ ನೋಡ್ತೀನಿ ಎಂದು ನಕ್ಕಿದ್ದಳಂತೆ. ಅಣ್ಣ ಬದುಕಿದ್ದಾಗ ಅದನ್ನು ನೂರು ಸಲ ಹೇಳಿದ್ದ. ತನಗೆ ನೆನಪಿರುವುದು ಅವಳ ಕತ್ತಿನ ಬೆವರಿನ ವಾಸನೆ, ಮತ್ತು ಇನ್ನೂ ಸ್ವಲ್ಪ ದೂರ ಇರಲಿ ಡಾಕ್ಟರ ಮನೆ ಎನ್ನುವ ಆಸೆ.

ಕಚೇರಿಯ ಮೆಟ್ಟಿಲು ಹತ್ತುವಾಗ ಕಾಮಾ ಮೇಷ್ಟ್ರು ಎದುರಾದರು. ಕರಡು ತಿದ್ದುವವರು, ಎಲ್ಲೆಲ್ಲೂ ಒಂದು ಕಾಮಾ ಹಾಕಿಯೇ ಹಾಕುತ್ತಿದ್ದುದರಿಂದ ಆ ಹೆಸರು. "ಏನ್ರೀ ಹೊರೆಯಪ್ಪ, ಇವತ್ತು ಇಳಿಸ್ತೀರಂತೆ? ಇಳಿಸಿದ ಮೇಲೆ ಸೊಂಟ ನೆಟ್ಟಗಾಗುತ್ತೋ ನೋಡೋಣ" ಎಂದರು. ಅವನು ನಕ್ಕ. ನಗುವುದು ಅವನಿಗೆ ಸುಲಭ. ಬೇಡದ ಕಡೆಯಲ್ಲೂ ನಗು ತಾನಾಗಿ ಬಂದುಬಿಡುತ್ತದೆ. ನಾಲ್ಕು ವರ್ಷದ ಹಿಂದೆ, ಅತ್ತಿಗೆಯ ಮೊದಲ ಕಟ್ಟನ್ನು ಯಜಮಾನರು, ಎಂದರೆ ಪ್ರಧಾನ ಸಂಪಾದಕರು, ತಮ್ಮ ಮೇಜಿನ ಮೇಲೆ ಹರಡಿಕೊಂಡಾಗಲೂ ಹೀಗೇ ನಕ್ಕಿದ್ದ. ಹೊಸ ಓದುಗರ, ಎಂದರೆ ಪುಸ್ತಕ ಓದಿ ಚೀಟಿ ಬರೆದುಕೊಡುವ ಹೊರಗಿನವರ, ಮೊದಲ ಕಟ್ಟನ್ನು ಯಜಮಾನರೇ ಮೂಲದೊಂದಿಗೆ ಇಟ್ಟು ನೋಡುವುದು ಪದ್ಧತಿ. ಐವತ್ತರಲ್ಲಿ ಐದು ತಪ್ಪು ಕಂಡರೆ ಒಂದು ವಂದನೆಯ ಕಾಗದ ಬರೆದು ಬಾಗಿಲು ಹಾಕುವುದು. ಅತ್ತಿಗೆಯದರಲ್ಲಿ ಹನ್ನೆರಡಿತ್ತು. ಒಂದು ಕಡೆ ಸಾಲೇ ಹಾರಿಹೋಗಿತ್ತು, ಇನ್ನೊಂದು ಕಡೆ ಎರಡು ವಾಕ್ಯ ಸೇರಿ ಒಂದಾಗಿತ್ತು. "ಯಾರಯ್ಯ ಈ ಮಹಾತಾಯಿ? ಸತ್ತ ಗಂಡನ ಕೈಲಿ ಮಗು ಹೆರಿಸಿದ್ದಾಳಲ್ಲ" ಎಂದು ಯಜಮಾನರು ಗಟ್ಟಿಯಾಗಿ ಓದಿ ಹೇಳಿದಾಗ ಕಚೇರಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಎಲ್ಲರಿಗಿಂತ ಒಂದು ಕೈ ಮೇಲಾಗಿ ಅವನೂ ನಕ್ಕ. ಯಾರೋ ಒಬ್ಬ ನಿವೃತ್ತ ಟೀಚರು ಸರ್, ನಮ್ಮ ಮನೆ ಕಡೆಯವರು ಎಂದ. ಅದೇ ವರ್ಷ ಅಣ್ಣ ಹೋಗಿದ್ದ. ಅತ್ತಿಗೆಯ ಕನ್ನಡಕ ಹಳೆಯದಾಗಿತ್ತು, ಬದಲಾಯಿಸಬೇಕೆಂದು ಅವಳು ಎರಡು ಸಲ ಹೇಳಿದ್ದಳು. ಅವನಿಗೆ ಬಿಡುವಾಗಿರಲಿಲ್ಲ. ವಂದನೆಯ ಕಾಗದ ಬರೆದದ್ದೂ ಅವನೇ. ಅದನ್ನು ಮನೆಗೆ ಒಯ್ಯಲಾರದೆ ಹರಿದು ಹಾಕಿದ.

ಹತ್ತೂವರೆಗೆ ಯಜಮಾನರು ಕರೆಸಿದರು. ಅವರ ಮುಂದೆ ‘ಬೇರ್’ ಹದಿನಾಲ್ಕು ಪುಟ ಹರಡಿಕೊಂಡಿತ್ತು. ಮೊದಲ ಪುಟ ವ್ಯುತ್ಪತ್ತಿಯದು, ಅವನಿಗೆ ಬಾಯಿಪಾಠ: ಹಳೆಯ ಇಂಗ್ಲಿಷಿನ ‘ಬೆರನ್’, ಅದರ ಹಿಂದೆ ಲ್ಯಾಟಿನ್ನಿನ, ಗ್ರೀಕಿನ ದಾಯಾದಿಗಳು, ಇತ್ತ ಸಂಸ್ಕೃತದ ‘ಭೃ’, ಆ ಬೇರಿನಿಂದಲೇ ನಾವು ದಿನಾ ಆಡುವ ಭಾರ, ಭರಿಸು. ಅದೇ ಬೇರಿನ ಮಕ್ಕಳು ಇಂಗ್ಲಿಷಿನಲ್ಲಿ ಹುಟ್ಟಿಗೂ ಇದ್ದಾರೆ, ಹೆಣ ಹೊರುವ ಚಟ್ಟಕ್ಕೂ ಇದ್ದಾರೆ. ನಾಲ್ಕು ವರ್ಷದ ಹಿಂದೆ ಇದನ್ನು ಮೊದಲ ಸಲ ಬರೆದಾಗ ಅವನಿಗೆ ಮೈ ಜುಮ್ಮೆಂದಿತ್ತು; ಊಟ ಮಾಡುತ್ತ ಅತ್ತಿಗೆಗೆ ಹೇಳಿದಾಗ ಅವಳು ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕೇಳಿದ್ದಳು, ನನಗೂ ಒಂದಿಷ್ಟು ಕೆಲಸ ಕೊಡು ಎಂದದ್ದು ಆ ರಾತ್ರಿಯೇ. ಯಜಮಾನರು ಕೊನೆಯ ಪುಟದ ಮೇಲೆ ಬೆರಳಿಟ್ಟರು.

"ಇದನ್ನ ಹೊಡೆದು ಹಾಕ್ತೀನಪ್ಪ. ಮೂವತ್ತೊಂದು."

"ಎರಡು ಚೀಟಿ ಇವೆ ಸರ್."

"ಮೂರಿಲ್ಲ. ಮೂರಿಲ್ಲದೆ ಅರ್ಥ ಇಲ್ಲ ಅನ್ನೋದು ನಾನು ನಿನ್ನೆ ಮಾಡಿದ ಕಾನೂನಲ್ಲ. ‘ಇಳಿಸಲು ತೋಚದೆ ಹೊತ್ತುಕೊಂಡೇ ಇರು’ ಅಂತ ಬರೆದಿದ್ದೀಯ. ಇದು ಇಂಗ್ಲಿಷಿನ ಅರ್ಥವೋ ನಿನ್ನ ಮನೆ ಅರ್ಥವೋ?" ಅವರು ನಗಲಿಲ್ಲ, ಸುಮ್ಮನೆ ಕೇಳಿದರು. "ಮೂರು ಗಂಟೆಯೊಳಗೆ ಇನ್ನೊಂದು ತಂದ್ರೆ ಇಟ್ಕೊ. ಇಲ್ಲಾಂದ್ರೆ ಮೂವತ್ತಕ್ಕೇ ಮುಗಿಸು."

ತನ್ನ ಮೇಜಿಗೆ ಬಂದು ಓರೆಯಾಗಿ ಕೂತ. ಮೊಳಕಾಲಿಗೆ ಪೆಟ್ಟಿಗೆ ತಾಗಿತು. ಆಗ ಅವನಿಗೆ ಹೊಳೆದದ್ದನ್ನು ಹೊಳೆದದ್ದೆನ್ನುವುದೂ ಕಷ್ಟ. ಬೆಳಿಗ್ಗೆ ಚಿಲಕಕ್ಕೆ ಕೈ ಹಾಕಿದಾಗಿನಿಂದ ಅದು ಒಳಗೆ ಕೂತೇ ಇತ್ತು. ಅತ್ತಿಗೆಯ ಒಂದು ಚೀಟಿ, ಒಂದೇ ಒಂದು, ಮೂವತ್ತೊಂದಕ್ಕೆ ಹೊಂದಿದರೆ ಅರ್ಥವೂ ಉಳಿಯಿತು, ಮುಂಪುಟದ ಓದುಗರ ಪಟ್ಟಿಯಲ್ಲಿ ಅವಳ ಹೆಸರೂ ಬಂತು, ಸಂಜೆ ಒಂದು ಪ್ರತಿ ಹಿಡಿದು ನೆಟ್ಟಗೆ ಅವಳ ಕೋಣೆಗೆ ಹೋಗಬಹುದು. ಪೆಟ್ಟಿಗೆಗಳನ್ನು ಎಳೆದ. ಇನ್ನೂರು ಕಟ್ಟುಗಳು, ಯಜಮಾನರು ಬಿಚ್ಚಿದ ಮೊದಲನೆಯದನ್ನು ಬಿಟ್ಟರೆ ಒಂದೊಂದಕ್ಕೂ ಅವಳು ಹಾಕಿದ ಗಂಟು ಹಾಗ್ಹಾಗೇ ಇತ್ತು. ಅವಳ ಸೀರೆಯ ಅಂಚಿನಿಂದ ಬಿಡಿಸಿದ ಬಣ್ಣದ ದಾರಗಳು. ಮೊದಲ ಗಂಟು ಬಿಚ್ಚುವಾಗ ಪಕ್ಕದ ಮೇಜಿನವರು ನೋಡುತ್ತಾರೇನೋ ಎಂದು ಕಿವಿ ಬಿಸಿಯಾಯಿತು. ಊಟದ ಹೊತ್ತಾಯಿತು, ಎಲ್ಲರೂ ಎದ್ದು ಹೋದರು. ಅವನು ಏಳಲಿಲ್ಲ. ಚೀಟಿಗಳ ಅಕ್ಷರ ಮೊದಲ ವರ್ಷ ಮುತ್ತಿನ ಹಾಗಿತ್ತು, ಆಮೇಲಾಮೇಲೆ ಬಲಕ್ಕೆ ವಾಲುತ್ತ ಹೋಗಿತ್ತು. ಒಂದು ಚೀಟಿಯಲ್ಲಿ, ಕತ್ತೆ ದೊರೆಯನ್ನು ಹೊತ್ತು ಬೆಟ್ಟ ಹತ್ತಿತು ಎಂದಿತ್ತು. ಅವನಿಗೆ ಫಕ್ಕನೆ ನಗು ಬಂತು. ಆ ವಾಕ್ಯ ಬೇರೊಬ್ಬರ ಚೀಟಿಯಿಂದ ಈಗಾಗಲೇ ಅವನ ಎರಡನೆಯ ಪುಟದಲ್ಲಿ ಕೂತಿತ್ತು, ಅಲ್ಲಿ ಹತ್ತಿದ್ದು ಕುದುರೆ. ಪಾಪ, ಕಣ್ಣು ಎಂದುಕೊಂಡ. ಮತ್ತೊಂದರಲ್ಲಿ ಮೂರು ಗಂಡುಮಕ್ಕಳನ್ನು ಹೆತ್ತವಳು ಏಳು ಹೆತ್ತಿದ್ದಳು. ವಯಸ್ಸು ಎಂದುಕೊಂಡ. ನಗು ನಿಂತಿತು. ಇವುಗಳಲ್ಲಿ ಒಂದನ್ನೂ ನಂಬುವ ಹಾಗಿಲ್ಲ.

ಎರಡೂಕಾಲಿಗೆ ಅದು ಸಿಕ್ಕಿತು. ಎರಡು ವರ್ಷದ ಹಿಂದಿನ ಕಟ್ಟು, ಎಲ್ಲಕ್ಕಿಂತ ಮೇಲಿನ ಚೀಟಿ, ಇಂಗ್ಲಿಷಿನ ಕೆಳಗೆ ಅವಳ ಕನ್ನಡ: ಇಳಿಸು ಎಂದು ಯಾರೂ ಹೇಳಲಿಲ್ಲವಾದ್ದರಿಂದ ಆಕೆ ಅದನ್ನು ಹೊತ್ತುಕೊಂಡೇ ಇದ್ದಳು. ಅಷ್ಟೇ. ಕೆಳಗೆ ಒಂದು ಹಳೆಯ ಕಾದಂಬರಿಯ ಹೆಸರು, ವರ್ಷ, ಪುಟ ಇನ್ನೂರ ಹನ್ನೆರಡು. ಅವನು ಅದನ್ನು ಮೂರು ಸಲ ಓದಿದ. ಮೂವತ್ತೊಂದನೆಯ ಅರ್ಥಕ್ಕೆಂದೇ ಯಾರೋ ಅಳತೆ ತೆಗೆದು ಹೊಲಿದ ಹಾಗಿತ್ತು. ಯಾರಾಗಿದ್ದಳೋ ಆ ಆಕೆ, ಏನನ್ನು ಹೊತ್ತಿದ್ದಳೋ. ಕಾದಂಬರಿ ಎದುರಿನ ಗೋಡೆಯ ಬೀರುವಿನಲ್ಲೇ ಇತ್ತು, ಮೂರನೆಯ ಸಾಲು, ಹಸಿರು ಬೆನ್ನು, ಕೂತಲ್ಲಿಂದಲೇ ಕಾಣುತ್ತಿತ್ತು. ಎದ್ದರೆ ಆರು ಹೆಜ್ಜೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಈ ಕಚೇರಿಯಲ್ಲಿ ಜಾಗವಿಲ್ಲ ಎಂದು ಯಜಮಾನರು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು, ಮತ್ತು ಇಪ್ಪತ್ತೈದು ವರ್ಷದಲ್ಲಿ ಮೂಲ ನೋಡದೆ ಅವನು ಒಂದು ಚೀಟಿಯನ್ನೂ ಮುಂದೆ ಕಳಿಸಿರಲಿಲ್ಲ. ಅವನಿಗೆ ಹೆಮ್ಮೆ ಎನ್ನುವುದಿದ್ದರೆ ಅದೊಂದೇ. ನೋಡಿದರೆ ಏನಾಗುತ್ತದೆ? ಆಕೆ ಆತನಾಗಿರಬಹುದು, ಹೊತ್ತದ್ದು ಬಿಟ್ಟದ್ದಾಗಿರಬಹುದು. ಆಗ ಸಂಜೆ ಬರಿಗೈ. ನೋಡದಿದ್ದರೆ ಸರಿಯಿದ್ದರೂ ಇರಬಹುದು. ಕತ್ತೆ ಎಲ್ಲ ಚೀಟಿಯಲ್ಲೂ ಇರುವುದಿಲ್ಲವಲ್ಲ. ಬೀರುವಿನ ಕಡೆಗೆ ಬೆನ್ನಾಗುವಂತೆ ಕುರ್ಚಿ ತಿರುಗಿಸಿ, ಕೆಂಪು ಪೆನ್ನು ತೆಗೆದು, ಚೀಟಿಯ ಮೂಲೆಯಲ್ಲಿ ‘ಹೋಲಿಸಿದೆ’ ಎಂದು ಬರೆದು ಸಹಿ ಹಾಕಿದ. ಬರೆಯುವಾಗ ಕೈ ನಡುಗಲಿಲ್ಲ. ಆಮೇಲೆ ಅದೇ ಅವನಿಗೆ ಆಶ್ಚರ್ಯವಾಯಿತು.

ಯಜಮಾನರು ಚೀಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಓದಿದರು. "ಭೇಷ್. ನಿಂತಿತಲ್ಲಯ್ಯ ನಿನ್ನ ಮೂವತ್ತೊಂದು" ಎಂದರು. "ಹೋಲಿಸಿದ್ದೀಯ ತಾನೇ?"

"ಹೋಲಿಸಿದೀನಿ ಸರ್."

"ಯಾರಿದು, ಓದುಗರು?"

ಈಗ ಹೇಳಬಹುದಿತ್ತು. ಬಾಗಿಲು ತೆರೆದೇ ಇತ್ತು, ಯಾರೂ ನಗುತ್ತಿರಲಿಲ್ಲ, ಮುದುಕರ ಮುಖದಲ್ಲಿ ಮೆಚ್ಚುಗೆಯಿತ್ತು. "ಯಾರೋ ಒಬ್ಬ ನಿವೃತ್ತ ಟೀಚರು ಸರ್" ಎಂದ. ಅವರು ತಲೆದೂಗಿ, ಚೀಟಿಯ ಹಿಂಬದಿಯಲ್ಲಿದ್ದ ಹೆಸರನ್ನು ಪಟ್ಟಿಗೆ ಸೇರಿಸಿದರು. ಕಂಪ್ಯೂಟರಿನವಳು ಪುಟ ಸರಿಮಾಡಿ ಎರಡು ಪ್ರತಿ ತೆಗೆದುಕೊಟ್ಟಳು. ನಾಲ್ಕು ಗಂಟೆಗೆ ಬರಬೇಕಾದ ಅಚ್ಚುಮನೆಯವನು ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಬಂದು, ಹದಿನಾಲ್ಕು ಪುಟಗಳನ್ನು ಹಳೆಯ ಬಟ್ಟೆ ತುರುಕುವ ಹಾಗೆ ಚೀಲಕ್ಕೆ ತುರುಕಿಕೊಂಡು ಹೊರಟುಹೋದ. ಕಾಮಾ ಮೇಷ್ಟ್ರು ಕೈ ಕುಲುಕಿದರು. ಅವನಿಗೆ ಹಗುರವಾಗಬೇಕಿತ್ತು. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು, ತೊಡೆಯ ಮೇಲೆ ತನ್ನ ಪ್ರತಿಯ ಕೊನೆಯ ಪುಟವನ್ನಿಟ್ಟುಕೊಂಡು, ಅತ್ತಿಗೆ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದುವುದನ್ನು, ಓದಿ ಅವನ ಮುಖ ನೋಡುವುದನ್ನು ಮತ್ತೆ ಮತ್ತೆ ಕಲ್ಪಿಸಿಕೊಂಡ. ಒಂದು ಸಲವಂತೂ ಅವಳು ಅತ್ತಳು. ಕಣ್ಣೀರು ಅವನಿಗೇ ಬಂದು, ಎದುರಿನವನು ನೋಡಿದನೆಂದು ಕಿಟಕಿಯ ಕಡೆ ತಿರುಗಿದ. ತಾನು ಇಷ್ಟು ಕೆಟ್ಟವನೇನಲ್ಲ ಎಂದು ಆ ಹೊತ್ತಿನಲ್ಲಿ ಅವನಿಗೆ ನಿಜವಾಗಿ ಅನ್ನಿಸಿತ್ತು.

ಕೋಣೆಯ ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಅತ್ತಿಗೆ ಹಲಗೆಯ ಮೇಲಿನ ಪುಸ್ತಕ ಸರಿಸಿ ಪುಟ ಇಟ್ಟುಕೊಂಡಳು. ಮೂವತ್ತನ್ನು ದಾಟಿ ಬೆರಳು ಕೆಳಗೆ ಬಂತು, ನಿಂತಿತು. ಅವಳ ಮುಖದಲ್ಲಿ ಒಂದು ಕ್ಷಣ ಏನೋ ಬೆಳಗಿದ್ದು ಸುಳ್ಳಲ್ಲ. ಅವನು ಅದನ್ನು ಕಣ್ಣಾರೆ ಕಂಡ. ಆಮೇಲೆ ಅದು ಹೋಯಿತು.

"ಇದನ್ನ ಯಾವಾಗ ಓದಿದೆ ನೀನು?"

"ಆಗಲೇ ಅತ್ತಿಗೆ. ನೀವು ಕೊಟ್ಟಾಗಲೇ."

"ಪುಸ್ತಕ ತೆಗೆದು ನೋಡಿದ್ಯಾ?"

"ನೋಡದೆ ಹಾಕ್ತೀವಾ? ನಮ್ಮ ಯಜಮಾನ್ರು ಬಿಡ್ತಾರಾ?"

"ಇನ್ನೂರ ಹನ್ನೆರಡನೇ ಪುಟ."

"ಹೌದು, ಇನ್ನೂರ ಹನ್ನೆರಡು. ಪುಟದ ಕೆಳಗಡೆ ಇದೆ, ಕೊನೇ ಎರಡು ಸಾಲು."

ಅತ್ತಿಗೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸುತ್ತಲೇ ಇದ್ದಳು. "ಆ ಪುಸ್ತಕದಲ್ಲಿ ಇರೋದೇ ನೂರ ಎಂಬತ್ತು ಪುಟ" ಎಂದಳು.

ಅವನು ನಗಲು ನೋಡಿದ. ಮುಖದ ಅರ್ಧ ಮಾತ್ರ ಒಪ್ಪಿತು.

"ಆ ವಾಕ್ಯ ಎಲ್ಲೂ ಇಲ್ಲ. ನಾನೇ ಬರೆದದ್ದು. ಮೂವತ್ತೊಂದಕ್ಕೆ ಚೀಟಿ ಸಿಗ್ತಿಲ್ಲ ಅಂತ ನೀನು ಊಟ ಮಾಡ್ತಾ ಹೇಳಿದ್ದೆ ನೋಡು, ಅವತ್ತು ಬರೆದು ಕಟ್ಟಿನ ಮೇಲೇ ಇಟ್ಟೆ. ಮಾರನೇ ದಿನ ಬೈತೀಯ ಅಂದ್ಕೊಂಡಿದ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತರಗತಿಯಲ್ಲಿ ಪಾಠ ಹೇಳುವಾಗಿನ ದನಿಯದು. "ಮೊದಲನೇ ವರ್ಷ ಕಣ್ಣಲ್ಲಿ ಕಣ್ಣಿಟ್ಟು ಬರೆದೆ. ತಪ್ಪಿದ್ರೂ ಇತ್ತೇನೋ. ಒಂದು ವರ್ಷ ನೀನು ಏನೂ ಕೇಳಲಿಲ್ಲ. ಇದು ಯಾವ ಮುದ್ರಣ ಅತ್ತಿಗೆ, ಇಲ್ಲೊಂದು ಅಕ್ಷರ ಬಿಟ್ಟಿದೆಯಲ್ಲ, ಅಂತ ಒಂದು ದಿನ ಕೇಳಲಿಲ್ಲ. ಉಪಯೋಗಕ್ಕೆ ಬಂತು, ಉಪಯೋಗಕ್ಕೆ ಬಂತು. ನಾನು ಮೂವತ್ತು ವರ್ಷ ಮಕ್ಕಳ ಕಾಪಿ ತಿದ್ದಿದವಳು. ತಿದ್ದಿದವರಿಗೆ ಗೊತ್ತಾಗಲ್ವಾ? ಆಮೇಲೆ ಒಂದು ಕುದುರೇನ ಕತ್ತೆ ಮಾಡಿದೆ. ಅದಕ್ಕೂ ಬರಲಿಲ್ಲ ನೀನು."

"ಗೊತ್ತಿದ್ದೂ ಯಾಕೆ ಬರೀತಾ ಇದ್ರಿ?" ಎಂದ. ದನಿ ತನ್ನದೆನ್ನಿಸಲಿಲ್ಲ. ಬೈಯುವವನ ಹಾಗೆ ಬಂತು.

"ನಿಲ್ಲಿಸಿದ್ರೆ ಸೋಮವಾರವೂ ನೀನು ಈ ಕೋಣೆಗೆ ಬರ್ತಿರಲಿಲ್ಲ."

ಬೀದಿಯಲ್ಲಿ ಯಾರೋ ಬಾಗಿಲು ಹಾಕಿದರು. ಅವನ ತಲೆ ಓಡುತ್ತಿತ್ತು: ಈಗಲೇ ಅಚ್ಚುಮನೆಗೆ ಫೋನು ಮಾಡಬೇಕು, ತೆಗೆಸಬೇಕು, ಯಜಮಾನರಿಗೆ ಏನು ಹೇಳುವುದು, ನೋಡದೆ ‘ಹೋಲಿಸಿದೆ’ ಎಂದು ಬರೆದೆ ಎನ್ನುವುದೇ, ಇಪ್ಪತ್ತೈದು ವರ್ಷ, ಆ ಟೀಚರು ನನ್ನ ಅತ್ತಿಗೆ ಎನ್ನುವುದೇ. ತಾನು ಫೋನು ಮಾಡುವುದಿಲ್ಲ ಎಂಬುದೂ ಅಷ್ಟೇ ನಿಚ್ಚಳವಾಗಿ ಗೊತ್ತಿತ್ತು. ಇನ್ನು ಯಾವ ಊರಿನ ಯಾವ ಹುಡುಗಿಯೋ ಆ ಪುಟ ತೆರೆದು, ಇಂಗ್ಲಿಷಿನವರು ಹೀಗೂ ಹೊರುತ್ತಿದ್ದರು ಎಂದು ನಂಬುತ್ತಾಳೆ. "ತೆಗೆಸಿಬಿಡ್ತೀನಿ ಅತ್ತಿಗೆ" ಎಂದ.

"ತೆಗೆಸ್ತೀಯೋ ಬಿಡ್ತೀಯೋ, ನನ್ನ ಯಾಕೆ ಕೇಳ್ತೀಯ?" ಅವಳು ಪುಟವನ್ನು ಮಡಿಸಲಿಲ್ಲ, ಹರಿಯಲಿಲ್ಲ, ಹಲಗೆಯ ಮೇಲಿಂದ ಎತ್ತಿ ಅವನ ಕೈಗೆ ಕೊಟ್ಟಳು. "ಮಧ್ಯಾಹ್ನ ಏನೂ ತಿಂದಿಲ್ಲ ನೀನು. ಮುಖ ನೋಡಿದ್ರೆ ಗೊತ್ತಾಗುತ್ತೆ. ಹೋಗು, ಊಟ ಮಾಡು."

ಹೋಗು ಎಂದದ್ದೇ ಸಾಕೆನ್ನುವಂತೆ ಅವನ ಕಾಲುಗಳು ಹೊರಟವು. ಅಡುಗೆಮನೆಯಲ್ಲಿ ಹೆಂಡತಿ ತಟ್ಟೆ ಇಡುತ್ತ, ಏನಂದ್ರು, ನೋಡಿದ್ರಾ ಎಂದು ಕೇಳಿದಳು. "ನೋಡಿದ್ರು. ತುಂಬ ಖುಷಿಯಾಯ್ತು ಅವರಿಗೆ" ಎಂದ. ಅನ್ನ ಬಿಸಿಯಾಗಿತ್ತು. ಬೆಳಿಗ್ಗೆಯಿಂದ ಹಸಿದಿದ್ದ, ತಲೆಯೆತ್ತದೆ ಉಂಡ, ಇನ್ನೊಂದಿಷ್ಟು ಹಾಕಲೇ ಎಂದಾಗ ಬೇಡವೆನ್ನಲಿಲ್ಲ.